ಮಿಲ್ಲೆತ್ ಅಂದರೆ ಯಾರು?

ಟರ್ಕಿಯ ರಾಜಕೀಯ ಓದುವಾಗೆಲ್ಲ ಒಂದು ಪದ ನನ್ನನ್ನು ಕಾಡುತ್ತದೆ: ಮಿಲ್ಲೆತ್. ಈಗಿನ ಟರ್ಕಿಶ್‌ನಲ್ಲಿ ಅದಕ್ಕೆ ಜನ, ರಾಷ್ಟ್ರ ಅಂತ ಅರ್ಥ. ಒಟ್ಟೊಮನ್ ಕಾಲದಲ್ಲಿ ಒಂದು ಧರ್ಮದ ಸಮುದಾಯವನ್ನು ಹಾಗೆ ಕರೆಯುತ್ತಿದ್ದರು. ಆ ಹಳೇ ಅರ್ಥ ಇನ್ನೂ ಪೂರ್ತಿ ಅಳಿಸಿಲ್ಲ. ಹಿಂದೆ ಪ್ರಧಾನಿಯಾಗಿದ್ದ ಎರ್ಬಕಾನ್ ಅವರ ಇಸ್ಲಾಮಿ ಚಳವಳಿಯ ಹೆಸರು 'ಮಿಲ್ಲಿ ಗೊರುಶ್', ಅಂದರೆ ರಾಷ್ಟ್ರದ ದೃಷ್ಟಿ. ಅವರ ಗರಡಿಯಲ್ಲೇ ಬೆಳೆದ, ಈಗಿನ ಅಧ್ಯಕ್ಷ ಎರ್ಡೊಗಾನ್ ಮತ್ತೆ ಮತ್ತೆ ಹೇಳುವುದು 'ಮಿಲ್ಲಿ ಇರಾದೆ', ಅಂದರೆ ಜನರ ಇಚ್ಛೆ. ಜನ ಅಂದರೆ ಸಾಕು, ಧರ್ಮದ ಮಾತು ಅದರೊಳಗೇ ಬಂದುಬಿಡುತ್ತದೆ.

ಇದನ್ನು ಸುಮ್ನೆ ಮಾತಿನ ಮೋಡಿ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ನೋವು ನಿಜವಾಗಿಯೂ ಇತ್ತು. ಧರ್ಮವನ್ನು ಸರ್ಕಾರದಿಂದ ದೂರವಿಡುವ ಹೆಸರಲ್ಲಿ ಆಗ ಟರ್ಕಿಯ ಸರ್ಕಾರಿ ಕಚೇರಿಗಳಲ್ಲಿ ತಲೆವಸ್ತ್ರ ಧರಿಸುವಂತಿರಲಿಲ್ಲ. 1999ರ ಮೇ 2ರಂದು ಮೆರ್ವೆ ಕವಾಕ್ಚಿ ತಲೆವಸ್ತ್ರ ಧರಿಸಿ ಸಂಸತ್ತಿಗೆ ಬಂದರು. ಇಸ್ತಾಂಬುಲ್‌ನಿಂದ ಗೆದ್ದು ಬಂದ ಸದಸ್ಯೆ ಅವರು. ಎದುರು ಸಾಲಿನವರು ಮೇಜು ಕುಟ್ಟುತ್ತಾ 'ಹೊರಗೆ, ಹೊರಗೆ' ಎಂದು ಕೂಗಿದರು. ಮೆರ್ವೆಗೆ ಪ್ರಮಾಣವಚನ ಸ್ವೀಕರಿಸಲೂ ಆಗಲಿಲ್ಲ. ಅದನ್ನು ಟಿವಿಯಲ್ಲಿ ನೋಡಿದ, ತಾನೂ ತಲೆವಸ್ತ್ರ ಧರಿಸುವ ಹೆಣ್ಣುಮಗಳಿಗೆ ಏನನ್ನಿಸಿರಬೇಕು ಹೇಳಿ. 'ಈ ದೇಶ ನಿಮ್ಮದೂ ಹೌದು' ಎಂದವರ ಹಿಂದೆ ಅವಳು ಹೋದದ್ದು ತಪ್ಪಲ್ಲ.

2002ರ ಸಂಸತ್ ಚುನಾವಣೆಯಲ್ಲಿ ಎರ್ಡೊಗಾನ್ ಅವರ ಪಕ್ಷ ಎಕೆಪಿ ಸುಮಾರು ಶೇ 34 ಮತ ಪಡೆದು 550ರಲ್ಲಿ 363 ಸೀಟು ಗೆದ್ದಿತು. ಶೇ 10 ಮತ ದಾಟದ ಪಕ್ಷಕ್ಕೆ ಸೀಟಿಲ್ಲ ಎಂಬ ಆಗಿನ ನಿಯಮ ಅವರಿಗೆ ವರವಾಯಿತು.

ನಾನು ಜಾಸ್ತಿ ಯೋಚಿಸುವುದು 2013ರ ಬಗ್ಗೆ. ಆ ಅಕ್ಟೋಬರ್‌ನಲ್ಲಿ ಎಕೆಪಿಯ ನಾಲ್ವರು ಸದಸ್ಯೆಯರು ತಲೆವಸ್ತ್ರ ಧರಿಸಿಯೇ ಸದನಕ್ಕೆ ಬಂದರು, ಯಾರೂ ಹೊರಗೆ ಅಟ್ಟಲಿಲ್ಲ. ಓದಿ ನನಗೆ ಖುಷಿಯೇ ಆಯಿತು. ಆದರೆ ಅದೇ ವರ್ಷ ಜೂನ್‌ನಲ್ಲಿ ಇಸ್ತಾಂಬುಲ್‌ನ ಗೆಝಿ ಪಾರ್ಕ್ ಉಳಿಸಲು ಬೀದಿಗಿಳಿದವರನ್ನು ಎರ್ಡೊಗಾನ್ 'ಚಪುಲ್ಜು' ಎಂದರು. ಲೂಟಿಕೋರರು ಅಂತ. ತನ್ನ ಶೇ 50 ಜನರನ್ನು ಕಷ್ಟಪಟ್ಟು ಮನೆಯಲ್ಲಿ ತಡೆದಿಟ್ಟಿದ್ದೇನೆ ಎಂದೂ ಹೇಳಿದರು. ಹಾಗಾದರೆ ಉಳಿದ ಅರ್ಧ ಮಿಲ್ಲೆತ್ ಅಲ್ವಾ? 'ಹೊರಗೆ' ಅನ್ನಿಸಿಕೊಂಡವರ ಪಕ್ಷವೇ ಈಗ ಇನ್ನೊಬ್ಬರಿಗೆ ಬಾಗಿಲು ತೋರಿಸುತ್ತಿತ್ತು. ನನಗೆ ನೋವಾಗುವುದು ಇಲ್ಲಿಯೇ.

2019ರಲ್ಲಿ ಇಸ್ತಾಂಬುಲ್ ಮೇಯರ್ ಚುನಾವಣೆಯನ್ನು ವಿರೋಧ ಪಕ್ಷದ ಇಮಾಮೊಗ್ಲು ಸುಮಾರು 13 ಸಾವಿರ ಮತಗಳಿಂದ ಗೆದ್ದರು. ಎಕೆಪಿ ತಕರಾರು ಎತ್ತಿತು, ಚುನಾವಣೆ ರದ್ದಾಯಿತು. ಜೂನ್‌ನಲ್ಲಿ ಮತ್ತೆ ಮತದಾನ ನಡೆದಾಗ ಅಂತರ 8 ಲಕ್ಷದ ಹತ್ತಿರ. 2025ರ ಮಾರ್ಚ್‌ನಲ್ಲಿ ಅವರನ್ನು ಜೈಲಿಗೆ ಕಳಿಸಿದರು. 1994ರಲ್ಲಿ ಅದೇ ಕುರ್ಚಿ ಗೆದ್ದು, 1999ರಲ್ಲಿ ಒಂದು ಕವಿತೆ ಓದಿದ್ದಕ್ಕೆ ಜೈಲಿಗೆ ಹೋಗಿದ್ದವರು ಎರ್ಡೊಗಾನ್.