ಕೊಲಾಬಾದ ಭಾನುವಾರಗಳು

ಸ್ಮರಣ ಸಂಚಿಕೆಗೆ ಏನಾದರೂ ಬರೆಯಿರಿ ಅಂತ ಶಾಲೆಯಿಂದ ಫೋನ್ ಬಂತು. ಶಾಲೆಯ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಶಾಲೆಗೆ ರಜೆ ಇದ್ದ ದಿನದ ಬಗ್ಗೆ ಬರೆಯುತ್ತೇನೆ ಅಂದೆ. ಸಂಪಾದಕರು ನಕ್ಕು ಒಪ್ಪಿಕೊಂಡರು.

ನಾನು ಮುಂಬೈಯ ಈ ರಾತ್ರಿ ಶಾಲೆಗೆ ಸೇರಿದ್ದು 1974ರಲ್ಲಿ. ಕುಂದಾಪುರ ಕಡೆಯವನು. ಬೋರಾ ಬಜಾರಿನ ಹತ್ತಿರ ಒಂದು ಉಡುಪಿ ಹೋಟೆಲಿನಲ್ಲಿ ಫಡ್ಕಾ ಹೊಡೆಯುವ ಕೆಲಸ. ಅಂದರೆ ಟೇಬಲ್ ಒರೆಸುವುದು, ಕಪ್ಪು ಬಶಿ ಎತ್ತಿ ಮೋರಿಗೆ ಹಾಕುವುದು. ಸಂಜೆ ಏಳಕ್ಕೆ ಕೈ ತೊಳೆದು ಕ್ಲಾಸಿಗೆ ಓಡಬೇಕು. ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಹುಡುಗರು ಹೀಗೇ ಬರುತ್ತಿದ್ದವರು. ಎಲ್ಲರ ಮೈಮೇಲೂ ಸಾಂಬಾರಿನ ವಾಸನೆ. ಯಾರೂ ಯಾರಿಗೂ ಏನೂ ಅನ್ನುವ ಹಾಗಿರಲಿಲ್ಲ!

ಗಣಿತಕ್ಕೆ ಬರುತ್ತಿದ್ದ ಮಾಷ್ಟ್ರು ಗದಗಿನವರು. ಹಗಲು ಗೋದಿಯಲ್ಲಿ, ಅಂದರೆ ಬಂದರಿನ ಹಡಗುಕಟ್ಟೆಯಲ್ಲಿ, ಗುಮಾಸ್ತರ ಕೆಲಸ, ರಾತ್ರಿ ನಮಗೆ ಪಾಠ. ಭಾನುವಾರ ಕೊಲಾಬಾದಲ್ಲಿ, ಹುಡುಗರಿಗೆ ಸಮುದ್ರದ ಕೆಲಸ ಕಲಿಸುವ ಸೀ ಕೆಡೆಟ್ ಕೋರ್ ಅನ್ನುವ ಸಂಸ್ಥೆಯಲ್ಲಿ ದೋಣಿ ಕಲಿಸುವುದು. ಮೂರರಲ್ಲಿ ಕೊನೆಯದಕ್ಕೆ ಸಂಬಳ ಇರಲಿಲ್ಲ, ಅವರು ತಪ್ಪಿಸುತ್ತಿದ್ದ ದಿನವೂ ಇರಲಿಲ್ಲ. ಬಯಲುಸೀಮೆಯ ಮನುಷ್ಯ. ಮುಂಬೈಗೆ ಬರುವವರೆಗೆ ಸಮುದ್ರ ನೋಡಿದವರೇ ಅಲ್ಲ. ಮೂವತ್ತು ದಾಟಿದ ಮೇಲೆ ಈಜು ಕಲಿತರಂತೆ. ಕರಾವಳಿಯ ಹುಡುಗರು ನಾವು, ಮೊದಲಿಗೆ ಇದೇ ನಮಗೆ ದೊಡ್ಡ ತಮಾಷೆ. ಗದಗಿನವರು ನಮಗೆ ಸಮುದ್ರ ಕಲಿಸುವುದಾ ಮಾರಾಯ!

ಫೋರ್ಟಿನ ಆಫೀಸುಗಳಿಗೆ ಭಾನುವಾರ ರಜೆ. ಗಿರಾಕಿ ಇಲ್ಲದ ಮೇಲೆ ನಮ್ಮ ಹೋಟೆಲಿಗೂ ಬಾಗಿಲು. ಹಾಗಾಗಿ ಮಾಷ್ಟ್ರು ಕರೆದಾಗ ಹೋಗದಿರಲು ನೆಪವೇ ಇರಲಿಲ್ಲ. ಬಸ್ಸಿನ ದುಡ್ಡು ಉಳಿಸಲು ನಡೆದೇ ಹೋಗುತ್ತಿದ್ದೆವು. ಫೌಂಟನ್, ಕಾಲಾ ಘೋಡಾ, ರೀಗಲ್ ದಾಟಿ ಕಾಸ್‌ವೇ ಹಿಡಿದರೆ ಸಸೂನ್ ಡಾಕಿನ ಮೀನಿನ ವಾಸನೆ ಶುರುವಾಗುತ್ತಿತ್ತು. ನಮಗೆ ಅದು ಊರಿನ ವಾಸನೆ.

ಕೆಡೆಟ್ ಕೋರ್‌ನ ಜಾಗಕ್ಕೆ ಟ್ರೇನಿಂಗ್ ಶಿಪ್ ಜವಾಹರ್ ಅಂತ ಹೆಸರು. ಹಡಗು ಅಂದುಕೊಂಡು ಹೋದರೆ ಕಟ್ಟಡ! ಸೀ ಕೆಡೆಟ್‌ಗಳಲ್ಲಿ ನೆಲದ ಮೇಲಿನ ಜಾಗಕ್ಕೂ ಹೀಗೆ ಹೆಸರಿಡುವ ಪದ್ಧತಿ ಇದೆ. ಅಲ್ಲಿ ಬರುತ್ತಿದ್ದ ಹುಡುಗರಲ್ಲಿ ಕಾನ್ವೆಂಟಿನವರು, ಗುಜರಾತಿಗಳು, ಪಾರ್ಸಿಗಳು, ನೌಕಾಪಡೆಯವರ ಮಕ್ಕಳು, ಎಲ್ಲರೂ ಇದ್ದರು. ನಮ್ಮ ಇಂಗ್ಲಿಷು ದೇವರಿಗೇ ಪ್ರೀತಿ. ಆದರೆ ಬಿಳಿ ಯೂನಿಫಾರ್ಮ್‌ಗೆ ನೀಲಿ ಹಾಕಿ ಇಸ್ತ್ರಿ ಮಾಡಿ ಸಾಲಿನಲ್ಲಿ ನಿಂತರೆ ಯಾರು ಮಾಲಬಾರ್ ಹಿಲ್, ಯಾರು ಬೋರಾ ಬಜಾರ್ ಅಂತ ಹೇಳುವುದು ಕಷ್ಟವಿತ್ತು.

ವೇಲರ್ ಅನ್ನುವ ದೋಣಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. 27 ಅಡಿ ಉದ್ದ, ಎರಡೂ ತುದಿ ಚೂಪು. ಐದು ಹುಟ್ಟು: ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು. ಇದು ನೆಟ್ಟಗೆ ಹೋಗುವುದು ಹೇಗೆ ಅಂತ ನಾನು ಮೊದಲ ದಿನವೇ ಕೇಳಿದೆ. ‘ಹಿಂದ ಚುಕ್ಕಾಣಿ ಹಿಡದು ಒಬ್ಬಾವ ಕುಂತಾನಲ್ಲ, ಅವ ಮತ್ಯಾಕ ಇದ್ದಾನ?’ ಅಂದರು ಮಾಷ್ಟ್ರು. ಹುಟ್ಟು ಭಾರದ್ದು. ಎಳೆದು ಮುಗಿದ ಮೇಲೆ ಅದರ ಅಲಗನ್ನು ಮಲಗಿಸಿ ನೀರಿನ ಮೇಲೆ ಹಿಂದಕ್ಕೆ ತರಬೇಕು. ಇಲ್ಲದಿದ್ದರೆ ಗಾಳಿ ಹಿಡಿಯುತ್ತದೆ, ಅಲೆ ಹೊಡೆಯುತ್ತದೆ, ಹಿಡಿ ಬಂದು ಎದೆಗೆ ಗುದ್ದುತ್ತದೆ. ನನಗೆ ಎಷ್ಟು ಹೇಳಿದರೂ ಬರಲಿಲ್ಲ. ಆಗ ಮಾಷ್ಟ್ರು, ‘ತಮ್ಮಾ, ದೋಸಿ ತಿರುವಿ ಹಾಕೋ ಮುಂದ ಸಟ್ಟುಗ ಹ್ಯಾಂಗ ಹೋಗತದ? ಹಂಗ ಹೋಗಬೇಕು’ ಅಂದರು. ಅವತ್ತೇ ಬಂತು. ಕಾನ್ವೆಂಟಿನ ಹುಡುಗನಿಗೆ ಅದೇ ವಿಷಯವನ್ನು ಬೇರೆ ಹೇಗೋ ಹೇಳುತ್ತಿದ್ದರು. ಯಾರಿಗೆ ಹೇಗೆ ಹೇಳಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರದ ಸಮುದ್ರವನ್ನು ಅವರು ಸೋಮವಾರ ರಾತ್ರಿಯ ಬೋರ್ಡಿಗೆ ತರುತ್ತಿದ್ದರು. ಭಿನ್ನರಾಶಿ ಅಂದರೆ ನಮಗೆಲ್ಲ ನಿದ್ದೆ. ಒಂದು ದಿನ ಪಾಠದ ಪುಸ್ತಕ ಮುಚ್ಚಿ ಉಬ್ಬರ ಇಳಿತದ ಲೆಕ್ಕ ಹಾಕಿದರು. ಇಳಿದ ನೀರು ಪೂರ್ತಿ ಏರಲು ಸುಮಾರು ಆರು ಗಂಟೆ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡು. ಮೊದಲ ಗಂಟೆ ಒಂದು ಪಾಲು ಏರುತ್ತದೆ, ಎರಡನೇ ಗಂಟೆ ಎರಡು, ಮೂರನೆಯದು ಮೂರು, ನಾಲ್ಕನೆಯದೂ ಮೂರು, ಆಮೇಲೆ ಎರಡು, ಕೊನೆಗೆ ಒಂದು. ಮುಂಬೈಯಲ್ಲಿ ಹುಣ್ಣಿಮೆ ಅಮಾವಾಸ್ಯೆ ಹೊತ್ತಿಗೆ ನೀರು ನಾಲ್ಕೈದು ಮೀಟರ್ ಏರಿಳಿಯುತ್ತದೆ. ಹಾಗಾದರೆ ಮೂರನೇ ಗಂಟೆಯ ಕೊನೆಗೆ ಜೆಟ್ಟಿಯ ಎಷ್ಟು ಮೆಟ್ಟಿಲು ಮುಳುಗಿರುತ್ತದೆ, ಹೇಳು ನೋಡೋಣ? ಇದು ಅಂದಾಜಿನ ಲೆಕ್ಕ, ಆದರೆ ನಾವಿಕರು ಇವತ್ತಿಗೂ ಬಳಸುವಂಥದ್ದು. ಪಾಚಿ ಹಿಡಿದ ಆ ಮೆಟ್ಟಿಲಿನಲ್ಲಿ ಕಾಲು ಜಾರಿಸಿಕೊಂಡವರೇ ನಾವೆಲ್ಲ. ಹಾಗಾಗಿ ಲೆಕ್ಕದಲ್ಲಿ ಯಾರೂ ತೂಕಡಿಸಲಿಲ್ಲ.

ಬಾವುಟದ ಸನ್ನೆ ಕಲಿತದ್ದು ಇನ್ನೊಂದು ಕಥೆ. ಎರಡು ಕೈಯಲ್ಲಿ ಎರಡು ಬಾವುಟ, ಒಂದೊಂದು ಅಕ್ಷರಕ್ಕೆ ಒಂದೊಂದು ಭಂಗಿ. ನಾನೂ ನನ್ನ ಗೆಳೆಯನೂ ಎರಡು ಫಡ್ಕಾ ಹಿಡಿದು ಹೋಟೆಲಿನ ಆ ತುದಿಯಿಂದ ಅಡುಗೆ ಮನೆಗೆ ಆರ್ಡರ್ ಕಳಿಸಲು ಹೋದೆವು. ‘ಎರಡು ಸಾದಾ’ ಅಂತ ಹೇಳಿ ಮುಗಿಸುವಷ್ಟರಲ್ಲಿ ಗಲ್ಲಾದ ಮೇಲಿದ್ದವರು ‘ಏನ್ರೋ ಅದು ಯಕ್ಷಗಾನ?’ ಅಂತ ಗದರಿದರು. ಅಲ್ಲಿಗೆ ಮುಗಿಯಿತು.

ಶಾಲೆ ಮುಗಿದ ಮೇಲೆ ನಾನು ಮರ್ಚೆಂಟ್ ನೇವಿಗೆ ಹೋದೆ. ಡೆಕ್ಕಿನ ಕೆಲಸಗಾರನಾಗಿ ಸೇರಿ ಸಾರಂಗ್, ಅಂದರೆ ಡೆಕ್ಕಿನ ಕೆಲಸಗಾರರ ಮುಖ್ಯಸ್ಥ, ಆದೆ, ಹಾಗೇ ನಿವೃತ್ತನಾದೆ. ಆ ವರ್ಷಗಳ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಒಂದು ಸಂಜೆಯ ವಿಷಯ ಮಾತ್ರ ಹೇಳಲೇಬೇಕು. ಈ ಬರಹ ಬರೆಯಲು ಕಾರಣವೇ ಅದು.

ಇಂಗ್ಲೆಂಡಿನ ಪೂರ್ವ ಕರಾವಳಿಯ ಒಂದು ಬಂದರು. ನಾವಿಕರ ಸೇವಾ ಕೇಂದ್ರದ ವ್ಯಾನ್ ಓಡಿಸುತ್ತಿದ್ದ ಮುದುಕ ಮಾತಿಗೆ ಸಿಕ್ಕಿದ. ನಾನು ಹುಡುಗನಾಗಿದ್ದಾಗ ಬಾಂಬೆಯಲ್ಲಿ ಸೀ ಕೆಡೆಟ್ ಆಗಿದ್ದೆ ಅಂದೆ. ಅವನಿಗೆ ಖುಷಿಯೋ ಖುಷಿ. ಅವನೂ ಹತ್ತಿರದ ಊರಿನ ಸೀ ಕೆಡೆಟ್ ಘಟಕದಲ್ಲಿ ಸ್ವಯಂಸೇವಕ. ವ್ಯಾನ್ ತಿರುಗಿಸಿ ಸೀದಾ ಅಲ್ಲಿಗೇ ಕರೆದುಕೊಂಡು ಹೋದ.

ಸೀ ಕೆಡೆಟ್ ಸಂಸ್ಥೆಯ ಇತಿಹಾಸ ಪೂರ್ತಿ ಅಲ್ಲೇ ಕೇಳಿದೆ. ಕ್ರಿಮಿಯಾ ಯುದ್ಧ ಮುಗಿದು ಬಂದ ನಾವಿಕರು ಊರ ಬಡ ಹುಡುಗರನ್ನು ಸೇರಿಸಿ ಶುರು ಮಾಡಿದ್ದಂತೆ. 1899ರಲ್ಲಿ ವಿಕ್ಟೋರಿಯಾ ರಾಣಿ ವಿಂಡ್ಸರಿನ ಹುಡುಗರ ಯೂನಿಫಾರ್ಮ್‌ಗೆ 10 ಪೌಂಡ್ ಕೊಟ್ಟಳು. ಅದನ್ನೇ ಅವರು ಹುಟ್ಟಿದ ವರ್ಷ ಅಂತ ಲೆಕ್ಕ ಹಿಡಿಯುತ್ತಾರೆ. 2004ರಲ್ಲಿ ಅದು ಮರೀನ್ ಸೊಸೈಟಿ ಅನ್ನುವ ನಾವಿಕರ ಸಂಸ್ಥೆಯ ಜೊತೆ ಸೇರಿತು. ಆ ಸೊಸೈಟಿ ಇನ್ನೂ ಹಳೆಯದು, 1756ರದ್ದು. ಸ್ಥಾಪಿಸಿದವನು ಜೋನಸ್ ಹ್ಯಾನ್ವೇ. ಲಂಡನ್ನಿನ ಗಂಡಸರು ಕೊಡೆ ಹಿಡಿಯಲು ನಾಚುತ್ತಿದ್ದ ಕಾಲದಲ್ಲಿ ಧೈರ್ಯವಾಗಿ ಹಿಡಿದು ಓಡಾಡಿದ ಮನುಷ್ಯನೂ ಅವನೇ. ಮುಂಬೈ ಮಳೆ ಕಂಡವರು ಅವನಿಗೊಂದು ನಮಸ್ಕಾರ ಹೇಳಬಹುದು.

ಆ ಘಟಕದ ಗೋಡೆಯ ಮೇಲೆ ರಾಣಿ ಎಲಿಜಬೆತ್ ಸಹಿ ಮಾಡಿದ ಒಂದು ಪತ್ರ ಫ್ರೇಮಿನಲ್ಲಿತ್ತು. ಪಕ್ಕದಲ್ಲೇ ಪಾತ್ರೆ ತೊಳೆಯುವ ಪಾಳಿಯ ಪಟ್ಟಿ. ಆ ಪತ್ರ ಸ್ವಯಂಸೇವೆಗಾಗಿ ಕೊಡುವ ಕ್ವೀನ್ಸ್ ಅವಾರ್ಡಿನದು. ರಾಣಿ ಪಟ್ಟಕ್ಕೆ ಬಂದು ಐವತ್ತು ವರ್ಷ ಆದಾಗ, 2002ರಲ್ಲಿ ಶುರುವಾದದ್ದು. ಈಗ ರಾಜ ಬಂದಿದ್ದಾನೆ, ಕಿಂಗ್ಸ್ ಅವಾರ್ಡ್ ಅನ್ನುತ್ತಾರೆ, ರಾಜನ ಹುಟ್ಟುಹಬ್ಬ ನವೆಂಬರ್ 14ಕ್ಕೆ ಹೆಸರುಗಳನ್ನು ಪ್ರಕಟಿಸುತ್ತಾರೆ. ಒಬ್ಬೊಬ್ಬರಿಗೆ ಕೊಡುವ ಎಂಬಿಇ ಪದಕಕ್ಕೆ ಇದು ಸಮ. ಆದರೆ ಇದು ಒಬ್ಬರಿಗೆ ಸಿಗುವಂಥದ್ದಲ್ಲ, ಗುಂಪಿಗೇ ಸಿಗಬೇಕು. ನಾವು ಬಹಳ ಒಳ್ಳೆಯವರು ಅಂತ ಗುಂಪಿನವರೇ ಅರ್ಜಿ ಹಾಕುವ ಹಾಗಿಲ್ಲ, ಹೊರಗಿನವರು ಯಾರಾದರೂ ಹೆಸರು ಸೂಚಿಸಬೇಕು. ದುಡ್ಡು ಇಲ್ಲ. ಒಂದು ಪತ್ರ, ಒಂದು ಗಾಜಿನ ಸ್ಮರಣಿಕೆ, ಅರಮನೆಯ ತೋಟದ ಚಹಾಕೂಟಕ್ಕೆ ಇಬ್ಬರಿಗೆ ಕರೆ.

ಆ ಇಬ್ಬರು ಯಾರು ಹೋದರು ಅಂತ ಕೇಳಿದೆ. ನಮ್ಮಲ್ಲಾದರೆ ಅಧ್ಯಕ್ಷರು, ಕಾರ್ಯದರ್ಶಿ, ಅಷ್ಟೇ ಅಲ್ವಾ? ಅವರು ಕಳಿಸಿದ್ದು ಕ್ಯಾಂಟೀನಿನಲ್ಲಿ ಚಹಾ ಮಾಡುವ ಹೆಂಗಸನ್ನು, ಮತ್ತೆ ದೋಣಿಗಳಿಗೆ ತೇಪೆ ಹಾಕುವ ಒಬ್ಬ ನಿವೃತ್ತ ಬಡಗಿಯನ್ನು. ಕಮಾಂಡಿಂಗ್ ಆಫೀಸರ್ ಅವತ್ತು ಹುಡುಗರ ಜೊತೆ ನೀರಿನಲ್ಲಿದ್ದರಂತೆ.

ವ್ಯಾನಿನಲ್ಲಿ ವಾಪಸು ಬರುವಾಗ ನಾನು ಕೊಲಾಬಾದ ಪಟ್ಟಿ ಮಾಡುತ್ತಿದ್ದೆ. ಮಾಷ್ಟ್ರನ್ನು ಕಳಿಸಬೇಕು ಅನ್ನುವುದು ಮೊದಲು ಬಂದ ಯೋಚನೆ. ಅವರು ಹೋಗುತ್ತಿರಲಿಲ್ಲ, ಅದು ಬೇರೆ ಮಾತು. ‘ಭಾನುವಾರ ಐತಿ, ನಾ ಹ್ಯಾಂಗ ಬರಲಿ?’ ಅಂತಿದ್ದರು. ಆಮೇಲೆ ಬೇರೆ ಮುಖಗಳು ಬಂದವು. ಬಿಗಿಲ್ ಕಲಿಸುತ್ತಿದ್ದ ಗೋವಾದ ಅಂಕಲ್, ನೌಕಾಪಡೆಯಿಂದ ನಿವೃತ್ತರು. ಲೆಕ್ಕಪತ್ರ ನೋಡುತ್ತಿದ್ದ ಪಾರ್ಸಿ ಬಾಯಿ. ಹುಡುಗರ ಶೂ ಅಳತೆ ಕೂಡ ಅವರ ಪುಸ್ತಕದಲ್ಲಿತ್ತು. ಯಾರ ಶೂ ಬಿಗಿಯಾಗಿದೆ ಅಂತ ಹುಡುಗ ಬಾಯಿ ಬಿಡುವ ಮೊದಲೇ ಅವರಿಗೆ ತಿಳಿಯುತ್ತಿತ್ತು. ದೋಣಿ ಸೋರಿದರೆ ಬಂದು ಕೂರುತ್ತಿದ್ದ ಕೋಳಿ ಕಾಕಾ, ಸಸೂನ್ ಡಾಕಿನವರು; ಕೋಳಿ ಅಂದರೆ ಮುಂಬೈಯ ಮೀನುಗಾರ ಸಮುದಾಯ. ಹಲಗೆಗಳ ಸಂದಿಗೆ ಹತ್ತಿಯ ಎಳೆ ತುರುಕಿ ಉಳಿಯಿಂದ ಟಕಟಕ ಬಡಿಯುತ್ತಿದ್ದರು, ಆ ಸದ್ದು ಕೇಳಿಯೇ ಸೋರುವ ಜಾಗ ಹೇಳುತ್ತಿದ್ದರು. ಮಳೆಗಾಲದಲ್ಲಿ ದೋಣಿ ನೀರಿಗೆ ಇಳಿಯುವಂತಿಲ್ಲ, ಆಗಲೇ ಅವರಿಗೆ ಕೆಲಸ ಜಾಸ್ತಿ. ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವ ನಾರಳಿ ಪೂರ್ಣಿಮೆಯ ದಿನ ಮಾತ್ರ ಅವರು ಕೈಗೆ ಸಿಗುತ್ತಿರಲಿಲ್ಲ. ಮತ್ತೆ ನಮ್ಮ ಹೋಟೆಲಿನ ಧಣಿ. ಬಾಗಿಲು ಹಾಕಿದ ಭಾನುವಾರವೂ ಒಬ್ಬ ಭಟ್ಟರನ್ನು ಎಬ್ಬಿಸಿ ಕೆಡೆಟ್‌ಗಳಿಗೆ ಅಂತ ಒಂದು ಡಬ್ಬಿ ಇಡ್ಲಿ ಕಳಿಸುತ್ತಿದ್ದರು. ಬಿಲ್ಲು ಬರೆದದ್ದು ನಾನು ಕಾಣೆ.

ನಮ್ಮ ದೇಶದಲ್ಲಿ ಗೌರವ ಇಲ್ಲ ಅಂತ ನಾನು ಹೇಳುತ್ತಿಲ್ಲ. ಪದ್ಮ ಪ್ರಶಸ್ತಿ ಈಗ ನಮ್ಮ ಹರೇಕಳ ಹಾಜಬ್ಬರಂಥವರ ತನಕ ಬಂದಿದೆ. ಮಂಗಳೂರಿನಲ್ಲಿ ಕಿತ್ತಳೆ ಮಾರಿ ಊರಿಗೆ ಶಾಲೆ ಕಟ್ಟಿಸಿದ ಮನುಷ್ಯ ಬರಿಗಾಲಲ್ಲಿ ರಾಷ್ಟ್ರಪತಿ ಭವನದೊಳಗೆ ನಡೆದುಹೋದದ್ದನ್ನು 2021ರಲ್ಲಿ ಟೀವಿಯಲ್ಲಿ ನೋಡಿ ನಮ್ಮ ಮನೆಯಲ್ಲಿ ಎಲ್ಲರ ಕಣ್ಣೂ ಒದ್ದೆ. ಸಮುದ್ರದವರಿಗೂ ಸಿಕ್ಕಿದೆ. ನೌಕಾಪಡೆಯ ಆರು ಹೆಣ್ಣುಮಕ್ಕಳು ‘ತಾರಿಣಿ’ ಅನ್ನುವ ಹಾಯಿದೋಣಿಯಲ್ಲಿ 2017ರ ಸೆಪ್ಟೆಂಬರ್ 10ಕ್ಕೆ ಗೋವಾದಿಂದ ಹೊರಟು ಭೂಮಿ ಸುತ್ತಿ ಮರುವರ್ಷ ಮೇ 21ಕ್ಕೆ ವಾಪಸು ಬಂದರಲ್ಲ, ಅವರಿಗೆ ತೇನ್‌ಸಿಂಗ್ ನೋರ್ಗೆ ಸಾಹಸ ಪ್ರಶಸ್ತಿ ಬಂತು. ಬರಲೇಬೇಕಿತ್ತು. ಆದರೆ ಇವೆಲ್ಲ ಹೆಸರು ಹಿಡಿದು ಕೊಡುವಂಥವು. ಸಾಹಸ ಮಾಡಿದವರು ಕಣ್ಣಿಗೆ ಬೀಳುತ್ತಾರೆ. ದೋಣಿ ಸೋರದ ಹಾಗೆ ನೋಡಿಕೊಂಡವನು ಬೀಳುವುದಿಲ್ಲ, ಯಾಕೆಂದರೆ ಅವನ ಕೆಲಸ ಸರಿಯಾಗಿ ಆದರೆ ಏನೂ ಆಗುವುದೇ ಇಲ್ಲವಲ್ಲ! ಅಂಥವರಲ್ಲಿ ಒಬ್ಬರನ್ನು ಆರಿಸಿ ಶಾಲು ಹೊದಿಸಿದರೆ ಉಳಿದವರಿಗೆ ಮುಜುಗರ, ಹೊದಿಸಿಕೊಂಡವರಿಗೆ ಇನ್ನೂ ಮುಜುಗರ. ಇಡೀ ಗುಂಪನ್ನು ಕರೆದು ನಿಲ್ಲಿಸುವ ಪದ್ಧತಿ ನನಗೆ ಹಿಡಿಸಿದ್ದು ಅದಕ್ಕೇ. ಹೊರಗಿನವರು ಬರೆಯಬೇಕು ಅನ್ನುವುದು ಇನ್ನೂ ಹಿಡಿಸಿತು. ಇಂಥವರು ತಮ್ಮ ಬಗ್ಗೆ ತಾವು ಒಂದು ಸಾಲು ಬರೆಯುವವರಲ್ಲ.

ಪಾಠ ಮಾಡಿದವರ, ನೀರಿಗೆ ಇಳಿಸಿದವರ ಹೆಸರು ನೂರು ಜನ ಹೇಳುತ್ತಾರೆ. ಇಡ್ಲಿ ಕಳಿಸಿದವರದು ಯಾರು ಹೇಳಬೇಕು? ಮಾಷ್ಟ್ರು ತೀರಿಕೊಂಡು ಬಹಳ ವರ್ಷವಾಯಿತು. ಅವರ ಕೈಯಲ್ಲಿ ಕಲಿತವರು ಹಡಗಿನಲ್ಲಿ, ಬಂದರಿನಲ್ಲಿ, ಬ್ಯಾಂಕಿನಲ್ಲಿ, ಕೆಲವರು ತಮ್ಮದೇ ಹೋಟೆಲುಗಳಲ್ಲಿ ಇದ್ದಾರೆ.

ಶಾಲೆಯ ಆಫೀಸಿನಲ್ಲಿ ಒಂದು ಪಟ್ಟಿ ಶುರು ಮಾಡಿದ್ದೇವೆ. ರಾತ್ರಿ ಶಾಲೆಗೂ ಭಾನುವಾರದ ಹುಡುಗರಿಗೂ ಸುಮ್ನೆ ಬಂದು ದುಡಿದವರ ಪಟ್ಟಿ. ಶಾಲೆಯ ಮುಂದಿನ ವಾರ್ಷಿಕೋತ್ಸವದಲ್ಲಿ ಎಲ್ಲರ ಹೆಸರೂ ಒಂದೇ ಫಲಕದ ಮೇಲೆ ಬರಬೇಕು ಅನ್ನುವುದು ಹಳೆಯ ವಿದ್ಯಾರ್ಥಿಗಳ ಆಸೆ. ಪಾರ್ಸಿ ಬಾಯಿಯ ಹೆಸರು ಸಿಕ್ಕಿದೆ, ಗೋವಾದ ಅಂಕಲ್‌ದೂ ಸಿಕ್ಕಿದೆ. ಕೋಳಿ ಕಾಕಾನನ್ನು ನಾವೆಲ್ಲ ಕಾಕಾ ಅಂತಲೇ ಕರೆಯುತ್ತಿದ್ದೆವು. ಅವರ ಪೂರ್ತಿ ಹೆಸರು ಗೊತ್ತಿದ್ದವರು, ಅಥವಾ ಸಸೂನ್ ಡಾಕಿನಲ್ಲಿ ಅವರ ಮನೆಯವರ ಪರಿಚಯ ಇದ್ದವರು, ದಯವಿಟ್ಟು ಶಾಲೆಯ ಆಫೀಸಿಗೆ ತಿಳಿಸಿ. ಸಂಜೆ ಏಳರ ಮೇಲೆ ಯಾರಾದರೂ ಇದ್ದೇ ಇರುತ್ತಾರೆ.