ಒಂದೇ ತಲೆ, 7 ಮೆಷಿನ್
ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇರುವ ಒಬ್ಬನಿಗೇ ಉತ್ತರ ಅಮೆರಿಕದ 'ನೈಮ್ಸ್' ಸಂಶೋಧಕರು 7 ಕೇಂದ್ರಗಳಲ್ಲಿ ಎಂಆರ್‌ಐ ಮಾಡಿಸಿದ್ದರು. ಎಲ್ಲಾ ಕಡೆ ಒಂದೇ ಕಂಪನಿಯ 3 ಟೆಸ್ಲಾ (ಟೆಸ್ಲಾ ಅಂದ್ರೆ ಅಯಸ್ಕಾಂತದ ಬಲದ ಅಳತೆ) ಮೆಷಿನ್, ಒಂದೇ ವಿಧಾನ. ಆದರೂ ಮಿದುಳಿನ ಅಳತೆ ಒಂದೊಂದು ಕಡೆ ಒಂದೊಂದು ಥರ! (ಪಾಪ, ಆ ಪುಣ್ಯಾತ್ಮ ಅಷ್ಟೂ ಕಡೆ ಆ ಡಬಡಬ ಸದ್ದಿನೊಳಗೆ ಮಲಗಿ ಎದ್ದಿದ್ದಾನೆ.) 2021ರಲ್ಲಿ ಇವರೂ ಯುರೋಪಿನ 'ಮ್ಯಾಗ್ನಿಮ್ಸ್' ತಂಡವೂ ಸೇರಿ, ಸ್ಕ್ಯಾನ್ ಹೇಗೆ ಮಾಡಬೇಕು ಅಂತ ಒಂದೇ ಶಿಫಾರಸು ಕೊಟ್ಟರು.

ನಮ್ಮ ಅತ್ತಿಗೆಗೂ ಇದೇ ಕಾಯಿಲೆ. ಹಳೇ ಸ್ಕ್ಯಾನ್ ಬೆಂಗಳೂರಿನದು, ಹೊಸದು ತುಮಕೂರಿನದು. ನಿನ್ನೆ ಅಣ್ಣ ಎರಡೂ ಫಿಲ್ಮ್ ಕಿಟಕಿಗೆ ಹಿಡಿದು ಕಾಯಿಲೆಯ ಗುರುತಾದ ಬಿಳಿ ಚುಕ್ಕೆ ಎಣಿಸುತ್ತಿದ್ದ. "ಜಾಸ್ತಿ ಆಗಿದೆಯಾ, ಇಲ್ಲಾ ಮೆಷಿನ್ ಬೇರೆ ಅಂತ ಹಾಗೆ ಕಾಣ್ತಿದೆಯಾ?" ಸರಿಯಾದ ಪ್ರಶ್ನೆಯೇ ಅಲ್ವಾ? ಎರಡರ ಸಿಡಿಯನ್ನೂ ಡಾಕ್ಟರಿಗೇ ತೋರಿಸೋಣ ಅಂದೆ.