ಹಂಗಿನ ಲೆಕ್ಕ

ಬರುವ ವರ್ಷ ನನಗೆ ಎಪ್ಪತ್ತು ತುಂಬುತ್ತದೆ. ಭೀಮರಥ ಶಾಂತಿ ಮಾಡಿಸಲೇಬೇಕೆಂದು ಬೆಂಗಳೂರಿನಲ್ಲಿರುವ ಮಗಳು ಈಗಲೇ ಪಟ್ಟು ಹಿಡಿದಿದ್ದಾಳೆ. ಛತ್ರ ಯಾವುದು, ಅಡಿಗೆಯವರು ಯಾರು ಎಂಬಲ್ಲಿಯವರೆಗೂ ಅವಳ ಯೋಚನೆ ಹೋಗಿದೆ. ಖರ್ಚನ್ನು ಅವಳೂ ಅಮೆರಿಕದಲ್ಲಿರುವ ತಮ್ಮನೂ ಹಂಚಿಕೊಳ್ಳುತ್ತಾರಂತೆ. ನಾನು ಇನ್ನೂ ಹೂಂ ಎಂದಿಲ್ಲ. ಶಾಸ್ತ್ರದ ಬಗ್ಗೆ ನನಗೆ ತಕರಾರೇನೂ ಇಲ್ಲ, ಆದರೆ ಮಕ್ಕಳ ದುಡ್ಡಿನಲ್ಲಿ ಮಣೆಯ ಮೇಲೆ ಕೂರಬೇಕೆಂದರೆ ಮನಸ್ಸು ಹಿಂಜರಿಯುತ್ತದೆ. ಆ ಹಿಂಜರಿಕೆಗೆ ನಮ್ಮ ಭಾಷೆಯಲ್ಲಿ ಒಂದು ಹಳೆಯ ಪದವಿದೆ: ಹಂಗು.

ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಬೆಳಗಿನ ನಡಿಗೆ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂರುವ ನಮ್ಮ ಗುಂಪಿನಲ್ಲಿ ಸಕ್ಕರೆ ಕಾಯಿಲೆ, ಮಂಡಿನೋವು, ಮಕ್ಕಳ ವೀಸಾ ಎಲ್ಲ ಆದ ಮೇಲೆ ಯಾರಾದರೊಬ್ಬರು, "ಯಾರ ಹಂಗೂ ಇಲ್ದೆ ಹೋಗ್ಬಿಟ್ರೆ ಸಾಕಪ್ಪ" ಎನ್ನದೆ ಏಳುವುದಿಲ್ಲ. ಹಾಗೆನ್ನುವವರೆಲ್ಲರೂ ಪಿಂಚಣಿದಾರರು. 2006ರ ಏಪ್ರಿಲ್‌ಗೆ ಮೊದಲೇ ಸರ್ಕಾರಿ ಕೆಲಸಕ್ಕೆ ಸೇರಿದ್ದರಿಂದ ಹಳೆಯ ಪಿಂಚಣಿ ನಮಗೆ ದಕ್ಕಿತು, ಪೂರ್ಣ ಸೇವೆ ಸಲ್ಲಿಸಿದವರಿಗೆ ಕೊನೆಯ ಸಂಬಳದ ಅರ್ಧದಷ್ಟು ತಿಂಗಳು ತಿಂಗಳೂ ಖಾತೆಗೆ ಬಂದು ಬೀಳುತ್ತದೆ. ಗೇಟಿನ ಹೊರಗೆ ಸೊಪ್ಪು ಮಾರುವ ಅಜ್ಜಿ ನಮಗಿಂತ ಹಿರಿಯಳು. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಆಕೆಗೆ ಸಿಗುವುದು ತಿಂಗಳಿಗೆ 1,200 ರೂಪಾಯಿ. "ಮಾತ್ರೆಗೆ ಸರಿಹೋಯ್ತದೆ ಸ್ವಾಮಿ" ಎನ್ನುತ್ತಾಳೆ. ಹೊಟ್ಟೆಗೆ ಸೊಪ್ಪೇ ಗತಿ. ನಮ್ಮ ಬೆಂಚಿನ ಸ್ವಾಭಿಮಾನದಲ್ಲಿ ಎಷ್ಟು ಪಾಲು ಸ್ವಭಾವದ್ದು, ಎಷ್ಟು ಪಾಲು ಖಜಾನೆಯದು ಎಂದು ಆಕೆಯನ್ನು ಕಂಡಾಗಲೆಲ್ಲ ಅನುಮಾನವಾಗುತ್ತದೆ.

ಎರಡು ವರ್ಷದ ಹಿಂದಿನ ನವೆಂಬರಿನಲ್ಲಿ ನನ್ನ ಸ್ವಾಭಿಮಾನಕ್ಕೂ ಒಂದು ಪರೀಕ್ಷೆ ಬಂದಿತ್ತು. ಪ್ರತಿ ನವೆಂಬರಿನಲ್ಲಿಯೂ ಪಿಂಚಣಿದಾರನು ಬದುಕಿದ್ದೇನೆಂದು ಜೀವಂತ ಪ್ರಮಾಣಪತ್ರ ಕೊಡಬೇಕು. ಅಂದು ಯಂತ್ರದ ಮೇಲೆ ಹೆಬ್ಬೆರಳು ಒತ್ತಿದರೆ ಅದು ನನ್ನನ್ನು ಗುರುತಿಸಲೊಲ್ಲದು, ವಯಸ್ಸಾದಂತೆ ಬೆರಳಿನ ಗೆರೆಗಳೂ ಸವೆಯುತ್ತವೆ. "ಒರೆಸಿ ಒತ್ತಿ ತಾತ" ಎಂದು ಅಲ್ಲಿನ ಹುಡುಗ ಹತ್ತೂ ಬೆರಳುಗಳನ್ನು ಒತ್ತಿಸಿದ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಪ್ರಮೇಯಗಳನ್ನು ಸಾಧಿಸಿ ತೋರಿಸಿದ ಗಣಿತದ ಮೇಷ್ಟ್ರಿಗೆ ತಾನು ಜೀವಂತವಾಗಿದ್ದೇನೆಂಬುದನ್ನು ಸಾಧಿಸಲು ಆಗಲಿಲ್ಲ. ಮೊಬೈಲಿನಲ್ಲಿ ಮುಖ ತೋರಿಸಿಯೂ ಈ ಕೆಲಸ ಮುಗಿಸಬಹುದೆಂದು ಗೊತ್ತಿದ್ದರೂ, ಪಕ್ಕದ ಮನೆಯ ಹುಡುಗಿಯನ್ನು ಕೇಳಲು ಸಂಕೋಚಪಟ್ಟು ಮೂರು ದಿನ ಅಲೆದೆ. ಕೊನೆಗೆ ಕೇಳಿದಾಗ ಅವಳು ಐದು ನಿಮಿಷದಲ್ಲಿ ಮುಗಿಸಿಕೊಟ್ಟು ಕಾಲೇಜಿಗೆ ಓಡಿದಳು. ಮರುದಿನ ನಾನು ಮತ್ತೆ ಕೃತಜ್ಞತೆ ಹೇಳಲು ಹೋದರೆ ಅವಳಿಗೆ ಆ ವಿಷಯವೇ ಮರೆತುಹೋಗಿತ್ತು.

ಇದನ್ನು ಕೇಳಿ ನನ್ನ ಹೆಂಡತಿ ನಕ್ಕಳು. ಅವಳಿಗೆ ಇಂಥ ಸಂಕಟಗಳೇ ಇಲ್ಲ. ನಾನು ನಿವೃತ್ತನಾದದ್ದು 2016ರಲ್ಲಿ; ಅವಳು ಇನ್ನೂ ಆಗಿಲ್ಲ. ನಾನು ಮನೆಯಲ್ಲಿ ಕೂತ ಮೇಲಂತೂ ದಿನಕ್ಕೆ ಎರಡು ಲೋಟ ಕಾಫಿಯ ಕೆಲಸ ಹೆಚ್ಚಾಯಿತು. ಮೊದಲ ತಿಂಗಳಲ್ಲೇ ನಾನು ಅಡುಗೆಮನೆಯ ಡಬ್ಬಿಗಳನ್ನು ಅಕಾರಾದಿಯಾಗಿ ಜೋಡಿಸಿದ್ದನ್ನು ನೋಡಿ, ಇನ್ನು ಮೇಲೆ ಬೆಳಗಿನ ಹೊತ್ತು ಕೆರೆಯ ಕಡೆ ಹೋಗಿಬನ್ನಿ ಎಂದು ಕಳಿಸಿದವಳು ಅವಳೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಂದಿನಿಂದ ಅವಳು ಗೆಳತಿಯರೊಡನೆ ನಂಜನಗೂಡು, ಶ್ರೀರಂಗಪಟ್ಟಣವೆಂದು ಟಿಕೆಟ್ ದುಡ್ಡಿಲ್ಲದೆ ಓಡಾಡುತ್ತಾಳೆ. ಹಿರಿಯ ನಾಗರಿಕನೆಂದು ಶೇಕಡಾ 25 ರಿಯಾಯಿತಿ ಪಡೆಯುವ ನಾನು ಜೊತೆಗೆ ಹೋದರೆ ಉಳಿದ ಮುಕ್ಕಾಲು ಪಾಲು ಕೊಡಬೇಕು. ಆದರೆ ಅವಳಿಗೂ ನನಗೂ ಇರುವ ನಿಜವಾದ ಅಂತರ ಬಸ್ಸಿನದಲ್ಲ. ನಲವತ್ತು ವರ್ಷಗಳಿಂದ ನಮ್ಮ ಬೀದಿಯಲ್ಲಿ ಅವಳ ಪಾತ್ರೆಗಳು ಓಡಾಡುತ್ತಿವೆ. ಹುಳಿ ಹೋದ ಬಟ್ಟಲು ಮರಳುವಾಗ ನಾಲ್ಕು ಕರಿಬೇವಿನ ಎಸಳನ್ನಾದರೂ ಹೊತ್ತು ಬರುತ್ತದೆ, ಖಾಲಿ ಪಾತ್ರೆಯನ್ನು ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಯಾರು ಯಾರಿಗೆ ಎಷ್ಟು ಬಾಕಿ ಎಂದು ಲೆಕ್ಕ ಹಾಕಲಾಗದಷ್ಟು ಕೊಟ್ಟು ತಂದು ಮಾಡಿದವಳಿಗೆ, ಕೇಳುವುದು ಹಂಗಾಗುವುದಾದರೂ ಹೇಗೆ? ಬೆಳಿಗ್ಗೆ ಶಾಲೆಗೆ ಹೋಗಿ ಸಂಜೆ ಮನೆಗೆ ಬರುತ್ತಿದ್ದ ನಾನು ಆ ಬೀದಿಯಲ್ಲಿ ಯಾರಿಗೂ ಏನನ್ನೂ ಕೊಟ್ಟಿರಲಿಲ್ಲ, ಯಾರಿಂದಲೂ ಏನನ್ನೂ ಕೇಳಿರಲಿಲ್ಲ. ಅದನ್ನೇ ಸ್ವಾವಲಂಬನೆ ಎಂದುಕೊಂಡಿದ್ದೆ.

ಹಂಗಿನ ಭಯವೆಲ್ಲ ಬರೀ ಭ್ರಮೆ ಎಂದೂ ಹೇಳಲಾರೆ. ನಮ್ಮ ಗುಂಪಿನ ಒಬ್ಬರು ಇದ್ದ ಒಂದು ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟು, ಈಗ ಆ ಮನೆಯ ಹಿಂದಿನ ಕೋಣೆಯಲ್ಲಿ ಕೆಮ್ಮಲೂ ಅಂಜುತ್ತ ಇದ್ದಾರೆ. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗೆಂದೇ 2007ರಲ್ಲಿ ಬಂದ ಕಾಯ್ದೆಯ 23ನೆಯ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದಾಗ ಹಿಂದಕ್ಕೆ ಪಡೆಯಬಹುದು; ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿದರೆ ವಿಚಾರಣೆ ನಡೆಯುತ್ತದೆ. ಅವರ ಪತ್ರದಲ್ಲಿ ಅಂಥ ಷರತ್ತಿನ ಸಾಲೇ ಇಲ್ಲ. ಆದರೂ ಪ್ರಯತ್ನಿಸಿ ಎಂದು ನಾವು ಒತ್ತಾಯಿಸಿದಾಗ ಅವರು, "ಗೆದ್ರೆ ಮನೆ ಬರುತ್ತೆ ಮೇಷ್ಟ್ರೇ, ಮೊಮ್ಮಗ ಬರಲ್ಲ" ಎಂದರು. ಅಂದಿನಿಂದ ಕೇಳಿದವರಿಗೂ ಕೇಳದವರಿಗೂ ನಾನು ಹೇಳುತ್ತಿರುವುದು ಒಂದೇ: ಉಯಿಲು ಬರೆಯಿರಿ, ಬದುಕಿರುವಷ್ಟು ಕಾಲ ಮನೆ ನಿಮ್ಮ ಹೆಸರಿನಲ್ಲೇ ಇರಲಿ. ಸೂರು ನಮ್ಮದಾಗಿದ್ದರೆ, ಅದರ ಕೆಳಗೆ ಯಾರ ಕೈಯಿಂದ ಏನನ್ನು ಪಡೆದರೂ ತಲೆ ತಗ್ಗುವುದಿಲ್ಲ.

ಮೊನ್ನೆ ಹುಣ್ಣಿಮೆಯ ರಾತ್ರಿ ತಾರಸಿಯ ಮೇಲೆ ಕೂತು ಇನ್ನೊಂದು ಲೆಕ್ಕ ಮಾಡಿದೆ. ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರಚಂದ್ರ ದರ್ಶನದ ಶಾಂತಿ ಮಾಡುತ್ತಾರೆ. ಚಾಂದ್ರಮಾಸಕ್ಕೆ ಸುಮಾರು ಇಪ್ಪತ್ತೊಂಬತ್ತೂವರೆ ದಿನವಾದ್ದರಿಂದ ಸಾವಿರ ಹುಣ್ಣಿಮೆಗೆ ಎಂಬತ್ತು ವರ್ಷ ಹತ್ತು ತಿಂಗಳು ಬೇಕು. ನನಗೆ ಸದ್ಯ ಎಂಟುನೂರ ಐವತ್ತರ ಮೇಲೆ ಕೆಲವು ಆಗಿವೆ ಎಂದು ಹೆಂಡತಿಗೆ ಹೇಳಿದೆ.

"ಮಳೆಗಾಲದ ಹುಣ್ಣಿಮೆಗಳನ್ನ ಕಳೆದ್ರಾ? ಮೋಡದಲ್ಲಿ ಎಲ್ಲಿ ಕಂಡ್ರಿ ನೀವು?" ಎಂದಳು. ಕಳೆದಿರಲಿಲ್ಲ.

ಮರುದಿನ ಮಗಳಿಗೆ ಫೋನು ಮಾಡಿ, ಛತ್ರ ಬೇಡ, ಮನೆಯ ಮುಂದೆಯೇ ಆಗಲಿ, ಅಡಿಗೆಯ ಖರ್ಚು ನಿಮ್ಮದು, ಶಾಮಿಯಾನದ್ದು ನನ್ನದು ಎಂದೆ. "ಆಯ್ತಪ್ಪ, ಆಮೇಲೆ ಲೆಕ್ಕ ನೋಡೋಣ" ಎಂದಳು. ನೋಡುವ ಯೋಚನೆ ಅವಳಿಗೆ ಇದ್ದಂತಿರಲಿಲ್ಲ. ಪಕ್ಕದ ಮನೆಯವರಿಂದ ದೊಡ್ಡ ಕೊಳದಪ್ಪಲೆ ತರಬೇಕು, ನೀವೇ ಹೋಗಿ ಕೇಳಿ ಎಂದು ಹೆಂಡತಿ ಆಗಲೇ ಹೇಳಿಟ್ಟಿದ್ದಾಳೆ.